ಕೆಂಪು ಗೆರೆ ಬಿದ್ದ ಮದುವೆ ಫೋಟೊ

“ಇಬ್ಬರ ಮಾರೀನೂ ಪೇಪರ್‌ನ್ಯಾಗ ಬರ್ತಾವ ಯವ್ವಾ. ನೀ ಹೇಳಿದ್ದೂ ಬರ್ತೈತಿ. ಫೋಟೊ ನಾನ ತಂದು ಕೊಡ್ತೀನಿ.” ವರದಿಗಾರ ಅಂದಾನಪ್ಪ ನನ್ನನ್ನು ಕಿಸೆಗಿಟ್ಟುಕೊಳ್ಳುತ್ತ ಫಕೀರವ್ವನಿಗೆ ಹೀಗೆ ಮಾತು ಕೊಟ್ಟು ಇಪ್ಪತ್ತೈದು ವರ್ಷವಾಯಿತು.

ನಾನು ಒಂದು ಮದುವೆ ಫೋಟೊ. ಹುಟ್ಟಿದ್ದು ಗದಗಿನ ಒಂದು ಸ್ಟುಡಿಯೊದ ಕತ್ತಲೆ ಕೋಣೆಯಲ್ಲಿ. ಮೊದಲು ಮೂಡಿದ್ದು ವರನ ಕರಿ ಕೋಟು, ಕೊನೆಗೆ ಕಸ್ತೂರಿಯ ಮುಖ. ಮದುವೆ ಏಜೆಂಟನ ಚೀಲದಲ್ಲಿದ್ದ ಹುಡುಗಿಯರ ಫೋಟೊಗಳಲ್ಲಿ ಇವಳನ್ನು ಆರಿಸಿಕೊಂಡು ವರ ಗುಜರಾತಿನಿಂದ ಬಂದಿದ್ದ. ಅವನಿಗೆ ನಲವತ್ತೇಳು, ಅವಳಿಗೆ ಹತ್ತೊಂಬತ್ತು.

“ಬರೇ ಕೊಳ್ಳು ಫೋಟೊದಾಗ ಚಂದ ಕಾಣಂಗಿಲ್ಲವಾ” ಎಂದು ಸ್ಟುಡಿಯೊದವನು ಮೊಳೆಗೆ ತೂಗುಹಾಕಿದ್ದ ಹಿತ್ತಾಳೆ ಸರ ತೆಗೆದು ಕೊಟ್ಟ. ಫೋಟೊ ಆದ ಮೇಲೆ ಸರ ಮತ್ತೆ ಮೊಳೆಗೇ ಹೋಯಿತು.

ಒಂದೂವರೆ ವರ್ಷಕ್ಕೆ ಕಸ್ತೂರಿ ಉಟ್ಟ ಸೀರೆಯಲ್ಲಿ, ಬಾತ ಮುಂಗೈಯೊಂದಿಗೆ ತವರಿಗೆ ಬಂದಳು. ಕೈ ವಾಸಿಯಾದ ಮೇಲೆ ಊರಿನ ಹುಡುಗಿಯರ ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಳು. ತಿಂಗಳೊಳಗೆ ಪೊಲೀಸರು ಬಂದರು. ಹೆಂಡತಿ ಬಂಗಾರ ಕದ್ದು ಓಡಿದ್ದಾಳೆಂದು ಗಂಡ ದೂರು ಕೊಟ್ಟಿದ್ದ. ಪೊಲೀಸರ ಹಿಂದೆಯೇ ಅಂದಾನಪ್ಪನೂ ಬಂದ. ತಾಯಿ ಫಕೀರವ್ವ ಕನ್ನಡಿಯ ಹಿಂದಿನಿಂದ ನನ್ನನ್ನು ತೆಗೆದಳು.

“ಎಲ್ಲೀ ಬಂಗಾರ ತಮ್ಮಾ? ಈ ಸರ ಸ್ಟುಡಿಯೊದ್ದು. ಇವನ ಮಾರಿ ನೋಡು, ನನಗಿಂತ ದೊಡ್ಡಾಂವ ಅದಾನ. ಕೂಸಿನ ಕೈ ಮುರಿಯೂ ಹಂಗ ಬಡದಾನ. ಅದನ್ನ ಬರಿ.”

ಅವನು ಎಲ್ಲವನ್ನೂ ಬರೆದುಕೊಂಡ. ಮಾತು ಕೊಟ್ಟ.

ಪತ್ರಿಕೆಯ ಕಚೇರಿಯಲ್ಲಿ ಹಿರಿಯ ಸಂಪಾದಕರೊಬ್ಬರು ನನ್ನನ್ನು ದೀಪಕ್ಕೆ ಹಿಡಿದು ನೋಡಿದರು. “ಒಂದ ಕಾಲಂ ಜಾಗ ಐತಿ. ಇಬ್ಬರು ಹಿಡಿಯಂಗಿಲ್ಲ. ಹುಡುಗಿ ಮಾರಿ ಸಾಕು.”

“ಸರ್, ಗಂಡನ ಹೆಸರು?”

“ಪಾಪ, ಮರ್ಯಾದಸ್ಥ ಮನಷ್ಯಾ, ಮೋಸ ಹೋಗ್ಯಾನ. ಅವನ ಹೆಸರು ಯಾಕ?”

ಅಂದಾನಪ್ಪ ಫಕೀರವ್ವನ ಮಾತು ಬರೆದುಕೊಂಡಿದ್ದ ಹಾಳೆ ಮಡಚಿ ಕಿಸೆಗಿಟ್ಟುಕೊಂಡ. ಇಬ್ಬರ ಭುಜಗಳ ನಡುವೆ ಕೆಂಪು ಪೆನ್ಸಿಲ್ಲು ಗೆರೆ ಎಳೆಯಿತು. ಕೋಟು ಹೊರಗಾಯಿತು, ಸರ ಒಳಗುಳಿಯಿತು. ಮರುದಿನ ಅದೇ ಮೇಜಿನ ಮೇಲೆ ಅಚ್ಚಾದ ಪುಟ ನೋಡಿದೆ: ‘ಒಡವೆಯೊಂದಿಗೆ ವಧು ಪರಾರಿ’. ಅವಳ ಹೆಸರಿತ್ತು, ಊರಿತ್ತು, ಕೊರಳಲ್ಲಿ ಸರವಿತ್ತು. ಅವನು ಬರೀ ‘ಗುಜರಾತಿನ ವ್ಯಕ್ತಿ’.

ನಾಲ್ಕು ದಿನಕ್ಕೆ ಅಂದಾನಪ್ಪ ನನ್ನನ್ನು ಹಿಡಿದು ಹೊಸ್ತಿಲಲ್ಲಿ ನಿಂತ. ರೊಟ್ಟಿ ಬಡಿಯುವ ಹೊತ್ತಿನಲ್ಲಿ ಕಸ್ತೂರಿ ಮನೆಯಲ್ಲೇ ಇದ್ದಳು.

“ಹಾಸ್ಟೆಲ್‌ನ್ಯಾಗ ಬ್ಯಾಡಂದ್ರು” ಎಂದಳು ಫಕೀರವ್ವ. “ಹುಡುಗ್ಯಾರ ಟ್ರಂಕು ಇರ್ತಾವಂತ.”

ಕಸ್ತೂರಿ ನನ್ನನ್ನು ಕೈಗೆ ತೆಗೆದುಕೊಂಡಳು. “ಸರ ಭಾಳ ಚಂದ ಬಂದೈತ್ರಿ ಅಣ್ಣಾರ” ಎಂದಳು. ಅವನು ಚಹಾ ಕುಡಿಯದೆ ಹೋದ.

ಬಂಗಾರ ಸಿಗಲಿಲ್ಲ, ಕೇಸು ಮುಚ್ಚಿತು. ಅದು ಸುದ್ದಿಯಾಗಲಿಲ್ಲ. ಹಾಸ್ಟೆಲ್ಲಿನಿಂದಲೂ ಮತ್ತೆ ಕರೆ ಬರಲಿಲ್ಲ.

ಈಗ ಫಕೀರವ್ವ ಇಲ್ಲ. ನಾನು ಕಸ್ತೂರಿಯ ಟ್ರಂಕಿನ ತಳದಲ್ಲಿದ್ದೇನೆ. ಒಮ್ಮೊಮ್ಮೆ ಅವಳು ಸೆರಗಿನ ತುದಿಯಿಂದ ಗೆರೆಯನ್ನು ಉಜ್ಜುತ್ತಾಳೆ. ಮಸುಕಾಗಿದೆ, ಹೋಗಿಲ್ಲ. ನನ್ನ ಅರ್ಧವನ್ನು ಜಿಲ್ಲೆಯೇ ನೋಡಿತು. ಪೂರ್ತಿ ನೋಡಿದವರು ಆರೇಳು ಮಂದಿ ಇರಬಹುದು.

ಫೋಟೊ ತಂದು ಕೊಡುತ್ತೇನೆ ಎಂದಿದ್ದ ಅಂದಾನಪ್ಪ, ತಂದು ಕೊಟ್ಟ. ಇಬ್ಬರ ಮುಖ ಬರಲಿಲ್ಲ. ಫಕೀರವ್ವ ಹೇಳಿದ್ದೂ ಬರಲಿಲ್ಲ.