ಮುಹೂರ್ತ ಕಾಯದ ಗಂಟು

ಶಾಂಭವಿ ಮುಂಡರಗಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಅತ್ತೆ ಗದಿಗೆವ್ವನ ಎದೆಯಲ್ಲಿ ಗಂಟು ಕಂಡ ದಿನವೇ ಗಂಡ ಶಿವಯೋಗಿಗೆ, "ಇವತ್ತ ಗದಗಿನ ದವಾಖಾನಿಗೆ ಕರ್ಕೊಂಡು ಹೋಗೂಣ್ರಿ," ಎಂದಳು.

ಅವನು ಒಪ್ಪಲಿಲ್ಲ. "ತಂಗಿ ಮದುವಿ ಮುಗೀಲಿ. ಖಬರ ಹೊರಗ ಹೋದ್ರ ಬೀಗರು ಹಿಂದ ಸರೀತಾರ."

"ಜೀವಕೋಶ ಎರಡಾಗೂ ಮೊದಲ ತಡದು ನಿಂತು, ಎಲ್ಲಾ ಸರಿ ಐತೇನು ನೋಡ್ಕೋತೈತ್ರಿ. ಆ ತಪಾಸಣಿ ತಪ್ಪಿದಾಗ ಗಂಟು ಬೆಳಿಯೂದು. ಅದು ಮುಹೂರ್ತ ಕಾಯೂದಿಲ್ಲ."

ಎಲ್ಲವನ್ನೂ ಕೇಳಿಸಿಕೊಂಡ ಗದಿಗೆವ್ವ, "ಮದುವಿ ಆಗ್ಲಿ ಬಿಡವಾ," ಎಂದಳು.

ಮದುವೆ ಮುಗಿದ ಮೇಲೆ ತೋರಿಸಿದಾಗ, ರೋಗ ಶ್ವಾಸಕೋಶಕ್ಕೂ ಹಬ್ಬಿದೆ ಎಂದರು ಡಾಕ್ಟರರು. ನೋಡಲು ಬಂದ ನೆಂಟರ ಮುಂದೆ ಶಿವಯೋಗಿ ನಿಟ್ಟುಸಿರಿಟ್ಟ: "ಮನ್ಯಾಗ ಇಷ್ಟ ಓದಿದಾಕಿ ಇದ್ದು ಏನ ಬಂತು? ಮೊದಲ ಒಂದ ಮಾತು ಹೇಳ್ಲಿಲ್ಲ."

ಶಾಂಭವಿ ಅತ್ತೆಯ ಮುಖ ನೋಡಿದಳು. ಗದಿಗೆವ್ವ ಮಗನನ್ನೊಮ್ಮೆ ನೋಡಿ, ಗೋಡೆಯ ಕಡೆ ಹೊರಳಿ ಮಲಗಿದಳು.