ಕಿಟಕಿ ಕೇಳಿದ ಅರ್ಜಿ

೧.
ಎಲ್ಲಿಂದ ಶುರು ಮಾಡಲಿ? ನಾನು ಕೇಳಿ ಬೆಳೆದ ಕಾವ್ಯಗಳಲ್ಲಿ ಮೊದಲು ದೇವರಿಗೆ ಕೈ ಮುಗಿಯುತ್ತಿದ್ದರು. ಕಚೇರಿಯ ಕಥೆಯಲ್ಲಿ ಕೈ ಮುಗಿಯಲು ಹೊರಟರೆ ಕಥೆಗೆ ಜಾಗವೇ ಉಳಿಯುವುದಿಲ್ಲ, ಮೇಲಿನವರು ಅಷ್ಟಿದ್ದಾರೆ.

ನೇರವಾಗಿ ಹೇಳಿಬಿಡುತ್ತೇನೆ. ‘ಸಂಸ್ಥೆ ಹೇಗೆ ನಡೆಯುತ್ತೆ ಅಂತ ಹೊಸಬರಿಗೆ ತಿಳೀಬೇಕು. ನಿಯಮಾವಳಿ ಕೊಟ್ರೆ ನಿದ್ದೆ ಮಾಡ್ತಾರೆ. ನೀವೊಂದು ಕಥೆ ಬರ್ಕೊಡಿ,’ ಎಂದರು ನಮ್ಮ ತರಬೇತಿ ಅಧಿಕಾರಿ.

೨.
(ಮೊದಲ ಕರಡಿನಲ್ಲಿ ಒಂದು ಇರುವೆಗೂಡಿತ್ತು. ಹರಿದುಹಾಕಿದೆ. ಇರುವೆಗಳು ಕೆಲಸ ಮಾಡುತ್ತವೆ.)

ಎರಡನೆಯದರಲ್ಲಿ ನಮ್ಮ ರೆಕಾರ್ಡ್ ರೂಮಿನ ಅಕ್ಕ ಬಂದರು. ನೆಲಮಾಳಿಗೆ, ಹಳೆಯ ಫೈಲುಗಳ ಧೂಳು, ಹನ್ನೊಂದು ವರ್ಷದ ಕೆಮ್ಮು. ಕಿಟಕಿಯಿರುವ ಕೋಣೆಗೆ ಹಾಕಿ ಎಂದು ಅರ್ಜಿ ಕೊಟ್ಟಿದ್ದರು. ಅದು ಏಳು ಮೇಜು ದಾಟಿತು. ಏಳರಲ್ಲೂ ‘ನೋಡಿದೆ’ ಎಂದು ಸಹಿ. ನಮ್ಮಲ್ಲಿ ‘ಒಪ್ಪಿದೆ’ ಎಂದು ಬರೆದವರೇ ಜಾಗ ಹುಡುಕಿಕೊಡಬೇಕು. ಹಾಗಾಗಿ ಎಲ್ಲರೂ ನೋಡುತ್ತಾರೆ.

ಇದೆಲ್ಲ ನಡೆದದ್ದೇ. ನಾನು ಸೇರಿಸಿದ್ದು ಅಲ್ಪವಿರಾಮಗಳನ್ನು ಮಾತ್ರ.

೪.
(ಮೂರನ್ನು ಅಧಿಕಾರಿ ತೆಗೆಸಿದರು. ಅದರಲ್ಲಿ ಅವರಿದ್ದರು.)

ಕಥೆಗೆ ಬರೆದಿದ್ದ ಎರಡು ಮುಕ್ತಾಯಗಳನ್ನು ಅಕ್ಕನಿಗೇ ಓದಿ ಹೇಳಿದೆ. ಒಂದು: ದೊಡ್ಡ ಸಾಹೇಬರು ಅರ್ಜಿ ಓದಿ ಕಣ್ಣೊರೆಸಿಕೊಳ್ಳುತ್ತಾರೆ.

‘ಸಾಹೇಬ್ರಾ? ನಮ್ಮ ಸಾಹೇಬ್ರಾ?’ ಅಕ್ಕ ನಕ್ಕು ನಕ್ಕು ಕೆಮ್ಮಿದರು.

ಎರಡು: ಅಕ್ಕ ಕೆಲಸ ಬಿಡುತ್ತಾರೆ.

‘ಬಿಟ್ಟು? ಮನೆ ನೀವು ನಡೆಸ್ತೀರಾ? ನನಗೆ ಕಿಟಕಿ ಸಿಗೋ ಹಾಗೆ ಏನಾದ್ರೂ ಬರೀರಿ ಸಾರ್.’

೫.
ಎರಡು ಮುಕ್ತಾಯವನ್ನೂ ಬಿಟ್ಟು, ಅರ್ಜಿ ಇತ್ಯರ್ಥವಾಗದೆ ಇದ್ದಲ್ಲಿಗೇ ಕಥೆ ನಿಲ್ಲಿಸಿದೆ. ಅದು ತರಗತಿಯಲ್ಲಿ ಗೆದ್ದಿತು. ಅರ್ಜಿಯನ್ನು ಯಾರು ಒಪ್ಪಬೇಕಿತ್ತು ಎಂದು ಹೊಸಬರು ಎರಡು ಗಂಟೆ ಜಗಳವಾಡಿದರು. ಆ ಗದ್ದಲಕ್ಕೆ ನಾಚಿ, ಏಳನೇ ಮೇಜಿನವರು ‘ಒಪ್ಪಿದೆ’ ಎಂದು ಬರೆಯಲು ಪೆನ್ನು ತೆಗೆದರಂತೆ. ತರಬೇತಿ ಅಧಿಕಾರಿ ಓಡಿಹೋಗಿ ಕೈ ಹಿಡಿದರು.

‘ಅಯ್ಯೋ, ಈಗ್ಲೇ ಬೇಡ ಮಾರಾಯ್ರೇ! ಇನ್ನೂ ನಾಲ್ಕು ಬ್ಯಾಚ್ ಬರೋದಿದೆ. ಅರ್ಜಿ ಇತ್ಯರ್ಥ ಆಗ್ಬಿಟ್ರೆ ಚರ್ಚೆಗೆ ಏನು ಉಳಿಯುತ್ತೆ?’

ಈಗ ಆ ಫೈಲಿನ ಮೇಲೆ ‘ಬೋಧನೆಗಾಗಿ ಕಾಯ್ದಿರಿಸಿದೆ’ ಎಂಬ ಮೊಹರಿದೆ. (ಓದುಗರೇ, ಈ ಮೊಹರು ನನ್ನ ಕಥೆಯಲ್ಲಿ ಇರಲಿಲ್ಲ. ನನ್ನ ಕಥೆಯಿಂದ ಬಂತು.)

ವಿಷಯ ತಿಳಿಸಲು ನೆಲಮಾಳಿಗೆಗೆ ಇಳಿದೆ. ಅಕ್ಕ ಅದೇ ಕಥೆಯ ನಲವತ್ತು ಪ್ರತಿಗಳಿಗೆ ಪಿನ್ ಹೊಡೆಯುತ್ತಿದ್ದರು. ಅವರಿಗೆ ಆಗಲೇ ಗೊತ್ತಿತ್ತು.

‘ಕೆಮ್ಮು ಚೆನ್ನಾಗಿ ಬರ್ದಿದೀರಿ,’ ಎಂದರು.

‘ತಪ್ಪಾಯ್ತು ಅಕ್ಕಾ. ಕೊನೆ ಬದಲಾಯಿಸ್ತೀನಿ. ಕಥೇಲಾದ್ರೂ ಕಿಟಕಿ ಕೊಡ್ತೀನಿ.’

‘ಬೇಡ ಸಾರ್. ಅದನ್ನೋದಿ, ನನಗೆ ಸಿಕ್ಕೇಬಿಡ್ತು ಅಂತ ಎಲ್ಲರೂ ಎದ್ದು ಮನೆಗೆ ಹೋಗ್ತಾರೆ. ಕೊನೇ ಹಾಳೆ ಖಾಲಿ ಬಿಡಿ.’

ಬಿಟ್ಟಿದ್ದೇನೆ. ಅಕ್ಕ ಖಾಲಿ ಹಾಳೆಯನ್ನೂ ಸೇರಿಸಿಕೊಂಡು, ಅಂಚು ಸರಿಮಾಡಿ, ಮುಂದಿನ ಪ್ರತಿಗೆ ಪಿನ್ ಹೊಡೆದರು.