ಜಗಲಿಯ ಕುರ್ಚಿ

“ಅದನ್ನೂ ಹಾಕು ಮಾರಾಯ, ಅತ್ತಿಗೇದೇ ಅದು,” ಎಂದರು ಸುಬ್ಬಣ್ಣ. ಪಿಕಪ್ಪಿನ ಮೇಲೆ ನಿಂತಿದ್ದ ಆಳು ರವಿ ಬಗ್ಗಿ ಮರದ ಕುರ್ಚಿಯನ್ನು ಎತ್ತಿಕೊಂಡು ಚಾಪೆ, ಕಂಬಳಿಗಳ ಪಕ್ಕದಲ್ಲಿ ಒರಗಿಸಿದ.

ಹೂವಿನ ಹಾರ ಹಾಕಿ ಮಲಗಿಸಿದ್ದ ರಂಗಮ್ಮನ ದೇಹ ಅಂಗಳದಲ್ಲಿತ್ತು. ಸತ್ತವರು ಕಡೆಗಾಲದಲ್ಲಿ ಬಳಸಿದ್ದೆಲ್ಲ ಅವರ ಜೊತೆಗೇ ಸುಟ್ಟುಹೋಗಬೇಕು ಎನ್ನುವುದು ಆ ಮನೆತನದ ರೂಢಿ. ಕುರ್ಚಿಗೆ ಅಡ್ಡಲಾಗಿ ರಂಗಮ್ಮನ ಹಸಿರು ಸೀರೆ ಬಿಗಿದಿತ್ತು. ಕಾಯಿಲೆಯಲ್ಲಿ ಅತ್ತಿಗೆ ಅದರಲ್ಲೇ ಕೂರುತ್ತಿದ್ದಿರಬೇಕು ಎಂದುಕೊಂಡರು, ಚಿಕ್ಕಮಗಳೂರಿನಿಂದ ಬೆಳಿಗ್ಗೆಯಷ್ಟೇ ಬಂದಿದ್ದ ಮೈದುನ ಸುಬ್ಬಣ್ಣ.

ಅಷ್ಟರಲ್ಲಿ ಗೇಟಿನ ಬಳಿ ಆಟೋ ನಿಂತಿತು. ಮಗಳು ಪಂಚಮಿಯನ್ನು ಹೆಗಲಿಗೆ ಹಾಕಿಕೊಂಡು ರೇವತಿ ಇಳಿದಳು. ಒಂಬತ್ತು ವರ್ಷದ ಹುಡುಗಿಯ ಕಾಲುಗಳು ತಾಯಿಯ ಮೊಣಕಾಲಿಗೆ ತಾಗುತ್ತಿದ್ದವು.

“ಇಷ್ಟು ದೊಡ್ಡ ಮಗೂನ ಎತ್ಕೊಂಡು ಯಾಕವ್ವ ಬಂದೆ? ಮನೇಲಿ ಬಿಟ್ಟು ಬರ್ಬಾರ್ದಿತ್ತಾ?” ಎಂದರು ಪಕ್ಕದ ಮನೆಯವರು.

“ಯಾರ ಹತ್ರ ಬಿಡ್ಲಿ ಅಕ್ಕ? ಬಿಡೋಕಿದ್ದವರು ಇವರೊಬ್ರೇ.”

ರೇವತಿ ರಂಗಮ್ಮನ ಪಾದ ಮುಟ್ಟಿ ನಿಂತಳು. ಆಗ ಪಿಕಪ್ಪಿನ ಮೇಲಿದ್ದ ಕುರ್ಚಿ ಕಂಡಿತು. ಪಂಚಮಿ ಜಾರದೆ ಕೂರುತ್ತಿದ್ದುದು, ಕೂತು ಕೆಮ್ಮದೆ ಅನ್ನ ನುಂಗುತ್ತಿದ್ದುದು ಅದೊಂದರಲ್ಲೇ. ಸಾವಿನ ಮನೆಯಲ್ಲಿ ಕುರ್ಚಿ ಕೇಳುವುದು ಹೇಗೆ?

*

ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಪಂಚಮಿಯ ಕೈಕಾಲು ಹೇಳಿದಂತೆ ಕೇಳುತ್ತಿರಲಿಲ್ಲ. ಸೆರೆಬ್ರಲ್ ಪಾಲ್ಸಿ ಎಂದಿದ್ದರು ಡಾಕ್ಟರು. ಒಮ್ಮೆ ಆಸ್ಪತ್ರೆಯಿಂದ ಬರುವಾಗ ರೇವತಿ ಗೋಣಿಬೀಡಿನ ಹೋಟೆಲಿನಲ್ಲಿ ಕೂತಿದ್ದಳು. ಎಡಗೈಯಲ್ಲಿ ಮಗುವಿನ ಕತ್ತು, ಬಲಗೈಯಲ್ಲಿ ಅದರ ಬಾಯಿಗೆ ಇಡ್ಲಿ. ತನ್ನ ತಟ್ಟೆ ಹಾಗೇ ಇತ್ತು. ಯಾವ ದೇವರಿಗೆ ಹರಕೆ ಹೊತ್ತಿದ್ದೀರಿ ಎಂದು ಹೋಟೆಲಿನವರು ಕೇಳಿಯಾಗಿತ್ತು. ಆವರೆಗೆ ಪರಿಚಯವೇ ಇಲ್ಲದ, ಎದುರಿಗೆ ಕೂತಿದ್ದ ರಂಗಮ್ಮ ಅದೇನೂ ಕೇಳಲಿಲ್ಲ.

“ನಿನ್ನ ಇಡ್ಲಿ ತಣ್ಣಗಾಗ್ತಿದೆಯಲ್ಲೇ ಮಾರಾಯ್ತಿ, ಕೊಡಿಲ್ಲಿ ಮಗೂನ.”

“ಅಳ್ತಾಳೆ ಅಮ್ಮ.”

“ಅಳ್ಲಿ ಬಿಡು. ನನ್ನ ಮುಖ ನೋಡಿದ್ರೆ ನಮ್ಮನೆ ಕರೂನೂ ಹೆದ್ರುತ್ತೆ.”

ಆಮೇಲೆ ಪ್ರತಿ ಗುರುವಾರ ರಂಗಮ್ಮನ ಜಗಲಿಗೆ ರೇವತಿ ಬಂದಳು. ಅಂಥದೇ ಮಕ್ಕಳ ತಾಯಂದಿರು ಇನ್ನಿಬ್ಬರು ಬಂದರು. ಒಬ್ಬಳು ಉಣ್ಣುತ್ತಿದ್ದಳು, ಒಬ್ಬಳು ಗೋಡೆಗೊರಗಿ ನಿದ್ದೆ ಮಾಡುತ್ತಿದ್ದಳು. ರಂಗಮ್ಮ ತೋಟದ ಸಿಲ್ವರ್ ಓಕ್ ಹಲಗೆಯಲ್ಲಿ ಬಡಗಿಯಿಂದ ಕುರ್ಚಿ ಮಾಡಿಸಿ, ಮಗು ಜಾರದಂತೆ ತಮ್ಮ ಸೀರೆಯನ್ನೇ ಪಟ್ಟಿಯಾಗಿ ಕಟ್ಟಿದರು. ಚಮಚವನ್ನು ಪಂಚಮಿಯ ಕೆಳತುಟಿಗೆ ತಾಗಿಸಿ, ಬಾಯಿ ತಾನಾಗಿ ತೆರೆಯುವವರೆಗೆ ಕಾಯುತ್ತಿದ್ದರು. ಸೊಸೆ ದಿವ್ಯಾ ಕಾಫಿ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಒಂದೊಂದು ದಿನ ಮಾತ್ರ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

*

ಪಂಚಮಿ ಕುರ್ಚಿ ನೋಡಿದಳು. ಅವಳ ಮೈ ಬಿಗಿಯಿತು, ಗಂಟಲಿನಿಂದ ಉದ್ದನೆಯ ದನಿ ಹೊರಟಿತು.

“ಪಾಪ, ಅಜ್ಜಿ ಹೋಗಿದ್ದು ಅದಕ್ಕೂ ಗೊತ್ತಾಗಿದೆ,” ಎಂದು ಯಾರೋ ಕಣ್ಣೊರೆಸಿಕೊಂಡರು.

ದಿವ್ಯಾ ಮಾತ್ರ ಆ ಪುಟ್ಟ ಕೈ ಚಾಚಿದ ಕಡೆಗೆ ನೋಡಿದಳು. ಊಟದ ಹೊತ್ತಿನ ಆ ದನಿ ಅವಳಿಗೆ ಗೊತ್ತಿತ್ತು.

“ಚಿಕ್ಕಮಾವ, ಆ ಕುರ್ಚಿ ಅತ್ತೇದಲ್ಲ.”

“ಸೀರೆ ಕಟ್ಟಿದೆಯಲ್ಲ ತಾಯಿ?”

“ಸೀರೆ ಅತ್ತೇದು. ಕುರ್ಚಿ ಈ ಮಗೂದು.”

ಸುಬ್ಬಣ್ಣ ತಲೆಯಾಡಿಸಿದರು. “ಇರಬಹುದು. ಆದ್ರೆ ಹೆಣದ ಸಾಮಾನಿನ ಜೊತೆ ಹಾಕಿಯಾಯ್ತು. ಅದನ್ನ ತಿರುಗಿ ಒಳಗೆ ತಗೊಳ್ಳೋ ಹಾಗಿಲ್ಲ.”

“ಬೇಡ ಬಿಡಿ ಅಣ್ಣ,” ಎಂದಳು ರೇವತಿ, ನೆಲ ನೋಡುತ್ತ. “ಹೆಂಗೋ ಆಗುತ್ತೆ.”

ರಂಗಮ್ಮನ ಮಗ ಕುಮಾರ್ ಒದ್ದೆ ಪಂಚೆಯಲ್ಲಿ ಬೆಂಕಿಯ ಮಡಕೆ ಹಿಡಿದು ನಿಂತಿದ್ದ. ಅವನು ಪಿಕಪ್ಪಿನ ಕಡೆ ತಿರುಗಿದ.

“ಅದು ಒಳಗೆ ಯಾವತ್ತಿತ್ತು ಚಿಕ್ಕಪ್ಪ? ಜಗಲೀಲೇ ಇತ್ತು. ಜಗಲೀಲೇ ಇರ್ಲಿ. ಗುರುವಾರ ಬರೋರು ಎಲ್ಲಿ ಕೂರ್ತಾರೆ?”

ಸುಬ್ಬಣ್ಣ ಅತ್ತಿಗೆಯ ಮುಖವನ್ನೊಮ್ಮೆ ನೋಡಿದರು. “ನಿಮ್ಮಮ್ಮ ಬದುಕಿದ್ದಾಗ್ಲೂ ನನ್ನ ಮಾತು ಕೇಳ್ಲಿಲ್ಲ,” ಎಂದು ಗೊಣಗಿ, ತಾವೇ ಸೀರೆಯ ಗಂಟು ಬಿಚ್ಚಿದರು. ಅದನ್ನು ಮಡಿಚಿ ರಂಗಮ್ಮನ ಕಾಲ ಬಳಿ ಇಟ್ಟರು. ರವಿ ಕುರ್ಚಿಯನ್ನು ನಲ್ಲಿಯ ಕೆಳಗೆ ತೊಳೆದು ಜಗಲಿಗೆ ತಂದ.

“ಪಟ್ಟಿ ಇಲ್ದೆ ಜಾರ್ತಾಳೆ,” ಎಂದಳು ದಿವ್ಯಾ.

ಸುಬ್ಬಣ್ಣ ಹೆಗಲ ಮೇಲಿನ ಟವೆಲನ್ನು ತೆಗೆದು ಕೊಟ್ಟರು.

*

ಗಂಡಸರು ತೋಟದ ಕೆಳಗಿನ ಸುಡುಗಾಡಿನಿಂದ ಇನ್ನೂ ಮರಳಿರಲಿಲ್ಲ. ಹೆಂಗಸರು ಮನೆ ತೊಳೆದು ಮಿಂದಿದ್ದರು. ಒಲೆ ಹಚ್ಚುವಂತಿರಲಿಲ್ಲವಾದ್ದರಿಂದ ಪಕ್ಕದ ಮನೆಯಿಂದ ಅನ್ನ, ಬೇಳೆಸಾರು ಬಂದವು.

ದಿವ್ಯಾ ಒದ್ದೆ ಕೂದಲನ್ನು ಗಂಟು ಹಾಕಿಕೊಂಡು ಕುರ್ಚಿಯ ಮುಂದೆ ಕೂತಳು. ಮೊದಲ ತುತ್ತು ಟವೆಲಿನ ಮೇಲೆ ಚೆಲ್ಲಿತು. ಎರಡನೆಯದಕ್ಕೆ ಚಮಚವನ್ನು ಪಂಚಮಿಯ ಕೆಳತುಟಿಗೆ ತಾಗಿಸಿ ಹಿಡಿದು ಹಾಗೇ ಕಾದಳು.

ಗೋಡೆಯ ಬದಿಯಲ್ಲಿ ರೇವತಿಯ ಎಲೆಯಿಂದ ಇನ್ನೂ ಹಬೆ ಏಳುತ್ತಿತ್ತು. ಅವಳು ಅನ್ನ ಕಲಸಿದಳು. ಹಿಡಿಯಲು ಏನೂ ಇಲ್ಲದ ಎಡಗೈ ಮಡಿಲಲ್ಲಿ ಅಂಗಾತ ತೆರೆದುಕೊಂಡಿತ್ತು.